ನೂರಹತ್ತರಿಂದ ಐವತ್ತೊಂದಕ್ಕೆ

ನಮ್ಮ 11ನೇ ಕ್ರೋಮೋಸೋಮಿನಲ್ಲಿರುವ ಇನ್ಸುಲಿನ್ ವಂಶವಾಹಿಯನ್ನು ಓದಿದರೆ 110 ಅಮೈನೊ ಆಮ್ಲಗಳ ಒಂದೇ ಉದ್ದನೆಯ ಎಳೆಯ ಬರಹ ಸಿಗುತ್ತದೆ. ರಕ್ತದಲ್ಲಿ ಹರಿಯುವ ಇನ್ಸುಲಿನ್ನನ್ನು ಹಿಡಿದು ಎಣಿಸಿದರೆ ಇರುವುದು 51 ಮಾತ್ರ. ಅದೂ ಎರಡು ತುಂಡುಗಳಲ್ಲಿ: 21ರದ್ದು ‘ಎ’ ಎಳೆ, 30ರದ್ದು ‘ಬಿ’ ಎಳೆ. ಉಳಿದ 59 ಎಲ್ಲಿ ಹೋದವು? ಕೊನೆಗೆ ಉಳಿಸಿಕೊಳ್ಳದ ಭಾಗವನ್ನು ಜೀವಕೋಶ ಅಷ್ಟೊಂದು ಶ್ರಮಪಟ್ಟು ಕಟ್ಟುವುದಾದರೂ ಏಕೆ?

ಡಿಎನ್ಎಯಲ್ಲಿ ಬರೆದದ್ದೇ ಅಂತಿಮ ಎಂಬ ಭಾವನೆ ಈಗ ಎಲ್ಲೆಡೆ ಬೇರೂರಿದೆ. ಅದು ಅರ್ಧ ಸತ್ಯ. ಬರಹವನ್ನು ಓದಿ ಎಳೆಯನ್ನು ತಯಾರಿಸಿದ ಮೇಲೆ ಅದನ್ನು ಮಡಿಸಬೇಕು, ಕತ್ತರಿಸಬೇಕು, ಸರಿಯಾಗಿದೆಯೇ ಎಂದು ನೋಡಬೇಕು, ಕೆಟ್ಟಿದ್ದರೆ ಒಡೆಯಬೇಕು, ಕೆಲಸ ಮುಗಿದೊಡನೆ ಇಲ್ಲವಾಗಿಸಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಸರಿಯಾದ ವಂಶವಾಹಿ ಇದ್ದೂ ಪ್ರಯೋಜನವಿಲ್ಲ. ನಮ್ಮಲ್ಲಿ ಹೆಚ್ಚುಕಡಿಮೆ ಪ್ರತಿ ಮನೆಯವರಿಗೂ ಹೆಸರು ಗೊತ್ತಿರುವ ಇನ್ಸುಲಿನ್ನಿನ ಜೊತೆಯಲ್ಲೇ ನಡೆದು ಈ ದುಡಿಮೆಯನ್ನೆಲ್ಲ ನೋಡಬಹುದು.

ಇನ್ಸುಲಿನ್ ಹುಟ್ಟುವುದು ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳಲ್ಲಿ. ಊಟದ ನಂತರ ರಕ್ತದಲ್ಲಿ ಗ್ಲೂಕೋಸ್ ಏರಿದಾಗ ಒಂದೊಂದು ಬೀಟಾ ಕೋಶವೂ ನಿಮಿಷಕ್ಕೆ ಸುಮಾರು 10 ಲಕ್ಷ ಇನ್ಸುಲಿನ್ ಅಣುಗಳನ್ನು ತಯಾರಿಸಬಲ್ಲದು ಎಂದು ಅಂದಾಜು. ರೈಬೋಸೋಮ್ ಎಳೆಯನ್ನು ಹೊರಬಿಡತೊಡಗಿದಾಗ ಮೊದಲು ಕಾಣುವ 24 ಅಮೈನೊ ಆಮ್ಲಗಳಿಗೆ ಇನ್ಸುಲಿನ್ನಿನ ಕೆಲಸದಲ್ಲಿ ಯಾವ ಪಾತ್ರವೂ ಇಲ್ಲ. ಈ ಪ್ರೋಟೀನು ಕೋಶದಿಂದ ಹೊರಗೆ ಹೋಗತಕ್ಕದ್ದು, ಆದ್ದರಿಂದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಗಳ ಜಾಲದೊಳಕ್ಕೆ ಬಿಡಿ ಎಂದು ತಿಳಿಸುವುದಷ್ಟೇ ಅವುಗಳ ಪಾತ್ರ. ಜೀವಶಾಸ್ತ್ರಜ್ಞರು ಈ ಜಾಲವನ್ನು ಇ.ಆರ್. ಎಂದು ಕರೆಯುತ್ತಾರೆ; ನಾವೂ ಹಾಗೇ ಕರೆಯೋಣ. ಪ್ರೋಟೀನುಗಳು ತಮ್ಮ ಗುರಿಯ ಸೂಚನೆಯನ್ನು ತಮ್ಮಲ್ಲೇ ಹೊತ್ತಿರುತ್ತವೆ ಎಂದು ತೋರಿಸಿದವರು ನ್ಯೂಯಾರ್ಕ್‌ನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಗ್ಯುಂಟರ್ ಬ್ಲೋಬೆಲ್. ಅವರಿಗೆ 1999ರಲ್ಲಿ ನೊಬೆಲ್ ಬಂತು. ಎಳೆ ಒಳಹೊಕ್ಕೊಡನೆ ಒಂದು ಕಿಣ್ವ ಆ 24ನ್ನು ಕತ್ತರಿಸುತ್ತದೆ. ಉಳಿಯುವುದು 86. ಇದಕ್ಕೆ ಪ್ರೊಇನ್ಸುಲಿನ್ ಎಂದು ಹೆಸರು.

ನಿಜವಾದ ಕಷ್ಟ ಶುರುವಾಗುವುದು ಇಲ್ಲಿಂದ. ಪ್ರೋಟೀನು ಕೆಲಸ ಮಾಡುವುದು ಅದರ ಆಕಾರದಿಂದ. ಮಡಿಕೆಗಳು ಸರಿಯಾಗಿ ಬೀಳದ ಎಳೆಗೆ ಬೆಲೆಯಿಲ್ಲ. ಪ್ರೊಇನ್ಸುಲಿನ್ನಿನಲ್ಲಿ ಗಂಧಕವಿರುವ ಸಿಸ್ಟೀನ್ ಎಂಬ ಅಮೈನೊ ಆಮ್ಲ ಆರು ಕಡೆ ಬರುತ್ತದೆ. ಅವು ಎರಡೆರಡಾಗಿ ಕೂಡಿ ಮೂರು ಗಂಧಕದ ಕೊಂಡಿಗಳಾಗಬೇಕು. ಆರನ್ನು ಜೋಡಿ ಮಾಡಲು 15 ದಾರಿಗಳಿವೆ. ಅವುಗಳಲ್ಲಿ ಸರಿಯಾದದ್ದು ಒಂದೇ.

ಎಳೆಗೆ ಆ ಒಂದು ದಾರಿ ಹೇಗೆ ತಿಳಿಯುತ್ತದೆ? ಅಮೆರಿಕದ ಬೆಥೆಸ್ಡಾದಲ್ಲಿ ಕ್ರಿಶ್ಚಿಯನ್ ಆನ್‌ಫಿನ್‌ಸೆನ್ ಈ ಪ್ರಶ್ನೆಯನ್ನು ರೈಬೋನ್ಯೂಕ್ಲಿಯೇಸ್ ಎಂಬ ಕಿಣ್ವದ ಮೂಲಕ ಕೇಳಿದರು. ಅದರಲ್ಲಿ 124 ಅಮೈನೊ ಆಮ್ಲಗಳು, ನಾಲ್ಕು ಗಂಧಕದ ಕೊಂಡಿಗಳು. ಯೂರಿಯಾ ಹಾಕಿ ಅದರ ಮಡಿಕೆಗಳನ್ನೆಲ್ಲ ಬಿಚ್ಚಿದರು, ಕೊಂಡಿಗಳನ್ನು ಕಳಚಿದರು. ಆಮೇಲೆ ಆ ರಾಸಾಯನಿಕಗಳನ್ನು ತೆಗೆದುಹಾಕಿ ಗಾಳಿಗೆ ಬಿಟ್ಟರು. ಎಳೆ ತಾನಾಗಿಯೇ ಮಡಿಸಿಕೊಂಡು ಮತ್ತೆ ಕಿಣ್ವವಾಯಿತು. ಎಂಟು ಸಿಸ್ಟೀನುಗಳು ಕೂಡಿಕೊಳ್ಳಬಹುದಾದ 105 ದಾರಿಗಳಲ್ಲಿ ಅದು ಸರಿಯಾದದ್ದನ್ನೇ ಹಿಡಿದಿತ್ತು. ಆಕಾರಕ್ಕೆ ಬೇಕಾದ ಸೂಚನೆ ಅಮೈನೊ ಆಮ್ಲಗಳ ಸರಣಿಯಲ್ಲೇ ಅಡಗಿದೆ ಎಂಬ ಈ ತೀರ್ಮಾನಕ್ಕೆ 1972ರ ರಸಾಯನಶಾಸ್ತ್ರದ ನೊಬೆಲ್ ಸಂದಿತು. ಎಳೆ ಎಲ್ಲಿ ಎಷ್ಟು ಬಾಗಬಹುದು ಎಂಬುದಕ್ಕೂ ಮಿತಿಯುಂಟು. ಪರಮಾಣುಗಳು ಒಂದಕ್ಕೊಂದು ತಾಗಿ ಅಡ್ಡಿಯಾಗುವುದರಿಂದ ಹೆಚ್ಚಿನ ಬಾಗುವಿಕೆಗಳು ಅಸಾಧ್ಯ ಎಂದು 1963ರಲ್ಲಿ ಮದ್ರಾಸಿನಲ್ಲಿ ಜಿ.ಎನ್. ರಾಮಚಂದ್ರನ್, ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಲೆಕ್ಕ ಹಾಕಿ ನಕ್ಷೆ ಬರೆದು ತೋರಿಸಿದರು. ಇವತ್ತಿಗೂ ಜಗತ್ತಿನ ಯಾವ ಪ್ರಯೋಗಾಲಯದಲ್ಲಿ ಪ್ರೋಟೀನಿನ ರಚನೆ ಹೊರಬಂದರೂ ಅದನ್ನು ಮೊದಲು ರಾಮಚಂದ್ರನ್ ನಕ್ಷೆಯ ಮೇಲಿಟ್ಟು ನೋಡುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಣುಜೀವಭೌತ ವಿಭಾಗವನ್ನು ಕಟ್ಟಿದವರೂ ರಾಮಚಂದ್ರನ್ನರೇ.

ಆನ್‌ಫಿನ್‌ಸೆನ್ನರ ನಿಯಮಕ್ಕೆ ಇನ್ಸುಲಿನ್ ಮಾತ್ರ ಒಗ್ಗಲಿಲ್ಲ. ‘ಎ’ ಮತ್ತು ‘ಬಿ’ ಎಳೆಗಳನ್ನು ಬೇರೆಮಾಡಿ ಮತ್ತೆ ಬೆರೆಸಿದರೆ ಸರಿಯಾಗಿ ಕೂಡಿಕೊಳ್ಳುತ್ತಿದ್ದುದು ಅಲ್ಪ ಪಾಲು. 1960ರ ದಶಕದಲ್ಲಿ ಅಮೆರಿಕ, ಜರ್ಮನಿ, ಚೀನಾಗಳಲ್ಲಿ ಇನ್ಸುಲಿನ್ನನ್ನು ಕೈಯಾರೆ ಸಂಶ್ಲೇಷಿಸಲು ಹೊರಟ ರಸಾಯನಶಾಸ್ತ್ರಜ್ಞರನ್ನು ಕಾಡಿದ್ದು ಇದೇ ತೊಡಕು. ಪ್ರಯೋಗಶಾಲೆಯಲ್ಲಿ ಇಷ್ಟು ಕಷ್ಟವಾದದ್ದು ಬೀಟಾ ಕೋಶಕ್ಕೆ ಹೇಗೆ ಸುಲಭ?

ಉತ್ತರ ಬಂದದ್ದು ಷಿಕಾಗೊದಿಂದ. ಡೊನಾಲ್ಡ್ ಸ್ಟೈನರ್ ಇನ್ಸುಲಿನ್ನನ್ನು ವಿಪರೀತವಾಗಿ ತಯಾರಿಸುವ ಗೆಡ್ಡೆಯೊಂದರ ಹೋಳುಗಳಿಗೆ ವಿಕಿರಣ ಸೂಸುವ ಅಮೈನೊ ಆಮ್ಲಗಳನ್ನು ಉಣಿಸಿ ನೋಡಿದರು. ಗುರುತು ಮೊದಲು ಕಾಣಿಸಿದ್ದು ಇನ್ಸುಲಿನ್ನಿನಲ್ಲಲ್ಲ, ಅದಕ್ಕಿಂತ ದೊಡ್ಡದಾದ ಇನ್ನೊಂದು ಪ್ರೋಟೀನಿನಲ್ಲಿ. ಹೊತ್ತು ಕಳೆದ ಹಾಗೆ ಆ ದೊಡ್ಡದು ಕಡಿಮೆಯಾಗಿ ಇನ್ಸುಲಿನ್ ಹೆಚ್ಚಾಯಿತು. 1967ರಲ್ಲಿ ಅವರು ಪ್ರಕಟಿಸಿದ ಈ ಸಂಗತಿ ಇಡೀ ಗೊಂದಲವನ್ನು ಬಿಡಿಸಿತು: ‘ಎ’ ಮತ್ತು ‘ಬಿ’ ಎಂದೂ ಬೇರೆಬೇರೆಯಾಗಿ ಹುಟ್ಟುವುದೇ ಇಲ್ಲ. ಅವುಗಳ ನಡುವೆ ‘ಸಿ’ ಪೆಪ್ಟೈಡ್ ಎಂಬ 31 ಅಮೈನೊ ಆಮ್ಲಗಳ ಸೇತುವೆಯಿದೆ. ಅದರ ಎರಡು ತುದಿಗಳಲ್ಲಿ ಕತ್ತರಿಸುವ ಜಾಗವನ್ನು ತೋರಿಸುವ ಎರಡೆರಡು ಅಮೈನೊ ಆಮ್ಲಗಳಿವೆ. ಮನೆಗೆ ತಾರಸಿ ಹಾಕುವಾಗ ಸೆಂಟ್ರಿಂಗ್ ಕಟ್ಟಿ, ಕಾಂಕ್ರೀಟು ಗಟ್ಟಿಯಾದ ಮೇಲೆ ಹಲಗೆಗಳನ್ನು ಬಿಚ್ಚಿ ತೆಗೆಯುವುದಿಲ್ಲವೇ, ‘ಸಿ’ ಪೆಪ್ಟೈಡ್ ಮಾಡುವುದು ಆ ಕೆಲಸ. ಎರಡೂ ಎಳೆಗಳನ್ನು ತಕ್ಕ ಜಾಗದಲ್ಲಿ ಹಿಡಿದು ನಿಲ್ಲಿಸುತ್ತದೆ, ಕೊಂಡಿಗಳು ಬಿದ್ದ ಮೇಲೆ ಅದರ ಅಗತ್ಯ ಮುಗಿಯುತ್ತದೆ. ಪ್ರೊಇನ್ಸುಲಿನ್ನಿನ ಕೊಂಡಿಗಳನ್ನು ಕಳಚಿ ಬಿಟ್ಟರೆ ಅದು ಆನ್‌ಫಿನ್‌ಸೆನ್ ಹೇಳಿದಂತೆಯೇ ಚೆನ್ನಾಗಿ ಮಡಿಸಿಕೊಳ್ಳುತ್ತದೆ ಎಂದೂ ಸ್ಟೈನರ್ ತೋರಿಸಿದರು. 24, 31, ನಾಲ್ಕು. ಒಟ್ಟು 59. ಲೆಕ್ಕ ಸರಿಹೋಯಿತು.

ಪರೀಕ್ಷಾನಾಳದಲ್ಲಿ ಗಂಟೆಗಟ್ಟಲೆ ಹಿಡಿಯುವ ಮಡಿಸುವಿಕೆ ಕೋಶದೊಳಗೆ ನಿಮಿಷಗಳಲ್ಲಿ ಮುಗಿಯುತ್ತದೆ. ಈ ಅಂತರವನ್ನು ಮೊದಲೇ ಗಮನಿಸಿದ್ದ ಆನ್‌ಫಿನ್‌ಸೆನ್ನರ ತಂಡ 1963ರಲ್ಲಿ ತಪ್ಪು ಜೋಡಿಗಳನ್ನು ಬಿಡಿಸಿ ಸರಿಯಾದವನ್ನು ಕೂಡಿಸುವ ಕಿಣ್ವವನ್ನು ಪತ್ತೆಹಚ್ಚಿತು. ಅದಲ್ಲದೆ ಇ.ಆರ್. ಒಳಗೆ ಶಾಪರೋನ್ ಎಂಬ ಸಹಾಯಕ ಪ್ರೋಟೀನುಗಳು ಕಿಕ್ಕಿರಿದಿವೆ. ಬಿಪ್ ಎಂಬುದು ಅವುಗಳಲ್ಲಿ ಮುಖ್ಯವಾದದ್ದು. ಇನ್ನೂ ಮಡಿಸಿಕೊಳ್ಳದ ಎಳೆಯಲ್ಲಿ ನೀರಿಗೆ ಹೆದರುವ ಭಾಗಗಳು ಹೊರಗೆ ತೆರೆದಿರುತ್ತವೆ. ಅಂಥ ಎರಡು ಎಳೆಗಳು ತಗುಲಿದರೆ ಅಂಟಿಕೊಂಡು ಗಂಟಾಗುತ್ತವೆ. ಬಿಪ್ ಆ ಭಾಗಗಳನ್ನು ಹಿಡಿದುಕೊಂಡು, ಬಿಟ್ಟು, ಮತ್ತೆ ಹಿಡಿದು, ಎಳೆಗೆ ತನ್ನ ಆಕಾರವನ್ನು ಕಂಡುಕೊಳ್ಳಲು ಸಮಯ ಒದಗಿಸುತ್ತದೆ. ಹಿಡಿದು ಬಿಡುವ ಪ್ರತಿ ಸುತ್ತಿಗೂ ಎಟಿಪಿ ಎಂಬ ಶಕ್ತಿಯ ಅಣು ಖರ್ಚಾಗುತ್ತದೆ.

ಸರಿಯಾಗಿ ಮಡಿಸಿಕೊಂಡ ಪ್ರೊಇನ್ಸುಲಿನ್ ಗಾಲ್ಗಿ ಎಂಬ ಪೊರೆಚೀಲಗಳ ಸಾಲನ್ನು ದಾಟಿ ಪುಟ್ಟ ಕಣಗಳಲ್ಲಿ ತುಂಬಿಕೊಳ್ಳುತ್ತದೆ. ಅಲ್ಲಿ ಕಿಣ್ವಗಳು ‘ಸಿ’ ಪೆಪ್ಟೈಡನ್ನು ಕತ್ತರಿಸಿ ತೆಗೆಯುತ್ತವೆ. ಉಳಿದ ಇನ್ಸುಲಿನ್ ಅಣುಗಳು ಸತುವಿನ ಸುತ್ತ ಆರಾರಾಗಿ ಕೂಡಿ ಹರಳುಗಟ್ಟುತ್ತವೆ. ಈ ಜೋಡಣೆಯ ಮೂರು ಆಯಾಮದ ಚಿತ್ರ ಸಿಗಲು ಡೊರೊಥಿ ಹಾಡ್ಜ್‌ಕಿನ್ ತಪಸ್ಸನ್ನೇ ಮಾಡಬೇಕಾಯಿತು. ಇನ್ಸುಲಿನ್ ಹರಳಿನ ಮೊದಲ ಎಕ್ಸ್-ರೇ ಚಿತ್ರಗಳನ್ನು ಅವರು ಪ್ರಕಟಿಸಿದ್ದು 1935ರಲ್ಲಿ. ರಚನೆ ಬಿಡಿಸಿದ್ದು 1969ರಲ್ಲಿ. ಆಕ್ಸ್‌ಫರ್ಡ್‌ನ ಆ ತಂಡದಲ್ಲಿ ಬೆಂಗಳೂರಿನಿಂದ ಹೋಗಿದ್ದ ಎಂ. ವಿಜಯನ್ ಇದ್ದರು. ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿದ ಅವರು ಪ್ರೋಟೀನುಗಳ ಹರಳುಶಾಸ್ತ್ರವನ್ನು ಈ ದೇಶದಲ್ಲಿ ನೆಲೆಗೊಳಿಸಿದರು. ಸಲಕರಣೆಗಳೇ ಇಲ್ಲದ ಕಾಲದಲ್ಲಿ ಅವರು ಬೆಳೆಸಿದ ಶಿಷ್ಯಪರಂಪರೆ ದೊಡ್ಡದು. ಅವರ ಹೆಸರು ನಮ್ಮ ಶಾಲಾ ಪಠ್ಯಗಳಲ್ಲಿ ಇರಬೇಕಿತ್ತು.

ಇಷ್ಟೆಲ್ಲ ಏರ್ಪಾಡಿದ್ದರೂ ಮಡಿಕೆ ತಪ್ಪುವ ಎಳೆಗಳು ಇದ್ದೇ ಇರುತ್ತವೆ. ಜಪಾನಿನ ಅಕಿಟಾದಲ್ಲಿ 1990ರ ದಶಕದಲ್ಲಿ ಎಳವೆಯಲ್ಲೇ ಸಕ್ಕರೆ ಕಾಯಿಲೆ ಬರುವ ಇಲಿಗಳ ಒಂದು ತಳಿ ಸಿಕ್ಕಿತು. ಅವುಗಳ ಇನ್ಸುಲಿನ್ ವಂಶವಾಹಿಯೊಂದರಲ್ಲಿ ಒಂದೇ ಒಂದು ಬದಲಾವಣೆ: 96ನೇ ಸ್ಥಾನದ ಸಿಸ್ಟೀನ್ ಹೋಗಿ ಟೈರೋಸಿನ್ ಬಂದಿತ್ತು. ಒಂದು ಕೊಂಡಿ ತಪ್ಪಿತು, ಎಳೆ ಮಡಿಸಿಕೊಳ್ಳಲಾರದಾಯಿತು. ನನಗೆ ಇದರಲ್ಲಿ ಬಹಳ ಮುಖ್ಯವಾಗಿ ಕಾಣುವುದು ಮುಂದಿನ ಮಾತು. ಆ ಇಲಿಗಳಲ್ಲಿ ಕೆಡದೆ ಉಳಿದ ಇನ್ಸುಲಿನ್ ವಂಶವಾಹಿಗಳೂ ಇದ್ದವು. ಇನ್ಸುಲಿನ್ ಸ್ವಲ್ಪ ಕಡಿಮೆಯಾಗಿ ಹೇಗೋ ಬದುಕು ಸಾಗಬೇಕಿತ್ತು. ಹಾಗಾಗಲಿಲ್ಲ. ಕೆಟ್ಟ ಎಳೆಗಳು ಇ.ಆರ್. ಒಳಗೆ ಕಟ್ಟಿಕೊಂಡು ಒಳ್ಳೆಯ ಎಳೆಗಳ ದಾರಿಯನ್ನೂ ಮುಚ್ಚಿದವು, ಬೀಟಾ ಕೋಶಗಳೇ ಸತ್ತವು. ಹುಟ್ಟಿದ ಕೆಲವೇ ತಿಂಗಳಲ್ಲಿ ಸಕ್ಕರೆ ಕಾಯಿಲೆಗೆ ತುತ್ತಾದ ಮಕ್ಕಳಲ್ಲೂ ಇನ್ಸುಲಿನ್ ವಂಶವಾಹಿಯ ಇಂಥ ಬದಲಾವಣೆಗಳು 2007ರಲ್ಲಿ ಸಿಕ್ಕಿದವು. ಅಕಿಟಾ ಇಲಿಯ ಬದಲಾವಣೆಯೇ ಮನುಷ್ಯನಲ್ಲೂ ಕಂಡಿತು. ಕೊರತೆಗಿಂತ ಕಸ ಹೆಚ್ಚು ಅಪಾಯಕಾರಿ ಎಂಬುದನ್ನು ಈ ಮಕ್ಕಳ ಕಾಯಿಲೆ ತಿಳಿಸಿತು.

ಇ.ಆರ್. ತುಂಬಿಹೋಗುತ್ತಿದೆ ಎಂಬ ಸುದ್ದಿ ಕೋಶಕ್ಕೆ ಮುಟ್ಟುವ ಬಗೆಯನ್ನು ಸ್ಯಾನ್ ಫ್ರಾನ್ಸಿಸ್ಕೊದ ಪೀಟರ್ ವಾಲ್ಟರ್ ಮತ್ತು ಜಪಾನಿನ ಕಜುತೋಶಿ ಮೋರಿ ಯೀಸ್ಟಿನಲ್ಲಿ ಬೇರೆಬೇರೆಯಾಗಿ ಶೋಧಿಸಿದರು. 2014ರಲ್ಲಿ ಇಬ್ಬರಿಗೂ ಲಾಸ್ಕರ್ ಪ್ರಶಸ್ತಿ ಬಂತು. ಸುದ್ದಿ ಮುಟ್ಟಿದೊಡನೆ ಕೋಶ ಶಾಪರೋನುಗಳನ್ನು ಹೆಚ್ಚಿಸುತ್ತದೆ, ಹೊಸ ಎಳೆಗಳ ತಯಾರಿಕೆಯನ್ನು ತಗ್ಗಿಸುತ್ತದೆ. ತಗ್ಗಿಸುವ ಕೆಲಸ ಪರ್ಕ್ ಎಂಬ ಕಿಣ್ವದ್ದು. ಆ ಕಿಣ್ವದ ವಂಶವಾಹಿ ಕೆಟ್ಟಿರುವ ಅಪರೂಪದ ಶಿಶುಗಳಲ್ಲಿಯೂ ಸಕ್ಕರೆ ಕಾಯಿಲೆ ಬೇಗನೆ ಬರುತ್ತದೆ. ಅವರ ಇನ್ಸುಲಿನ್ ವಂಶವಾಹಿಯಲ್ಲಿ ಯಾವ ದೋಷವೂ ಇರುವುದಿಲ್ಲ.

ಮತ್ತೂ ಉಳಿದ ಕೆಟ್ಟ ಎಳೆಗಳನ್ನು ಇ.ಆರ್.ನಿಂದ ಹಿಂದಕ್ಕೆ ಎಳೆದು ಹೊರಹಾಕಿ ಒಡೆಯಲಾಗುತ್ತದೆ. ಒಡೆಯುವ ಈ ವ್ಯವಸ್ಥೆಯ ಪತ್ತೆ ಆಧುನಿಕ ಜೀವರಸಾಯನಶಾಸ್ತ್ರದ ಅತ್ಯಂತ ಸುಂದರ ಕಥೆ ಎಂದು ನಾನು ನಂಬಿದ್ದೇನೆ. ಅದು ಶುರುವಾದದ್ದು ಯಾರಿಗೂ ಅಷ್ಟಾಗಿ ಬೇಡವಾಗಿದ್ದ ಒಂದು ಪ್ರಶ್ನೆಯಿಂದ. ಪ್ರೋಟೀನು ಒಡೆದರೆ ಶಕ್ತಿ ಬಿಡುಗಡೆಯಾಗಬೇಕು. ನಮ್ಮ ಜಠರದಲ್ಲಿ ಬೇಳೆ, ಮೊಟ್ಟೆಗಳ ಪ್ರೋಟೀನನ್ನು ಒಡೆಯುವ ಕಿಣ್ವಗಳಿಗೆ ಎಟಿಪಿ ಬೇಕಿಲ್ಲ. ಆದರೆ ಜೀವಕೋಶದೊಳಗೆ ಶಕ್ತಿಯ ಪೂರೈಕೆ ನಿಲ್ಲಿಸಿದರೆ ಪ್ರೋಟೀನು ಒಡೆಯುವುದೂ ನಿಂತುಹೋಗುತ್ತದೆ ಎಂದು 1953ರಲ್ಲೇ ಮೆಲ್ವಿನ್ ಸಿಂಪ್ಸನ್ ತೋರಿಸಿದ್ದರು. ಕೆಡವುವುದಕ್ಕೆ ಖರ್ಚೇಕೆ? ಪ್ರೋಟೀನು ಕಟ್ಟುವ ಬಗೆಯನ್ನು ತಿಳಿಯಲು ಎಲ್ಲರೂ ಮುಗಿಬಿದ್ದಿದ್ದ ಕಾಲವದು. ಕೆಡವುವುದರ ಹಿಂದೆ ಹೋದವರು ಕೆಲವರೇ.

ಆ ಕೆಲವರಲ್ಲಿ ಇಸ್ರೇಲಿನ ಹೈಫಾದಲ್ಲಿರುವ ಟೆಕ್ನಿಯನ್ ಸಂಸ್ಥೆಯ ಅವ್ರಾಮ್ ಹೆರ್ಷ್ಕೊ, ಅವರ ವಿದ್ಯಾರ್ಥಿ ಆರನ್ ಚೆಖನೋವರ್, ಮತ್ತು ಫಿಲಡೆಲ್ಫಿಯಾದ ಫಾಕ್ಸ್ ಚೇಸ್ ಕ್ಯಾನ್ಸರ್ ಕೇಂದ್ರದ ಅರ್ವಿನ್ ರೋಸ್ ಇದ್ದರು. ಅವರು ಆರಿಸಿಕೊಂಡದ್ದು ಮೊಲದ ಎಳೆಯ ಕೆಂಪು ರಕ್ತಕಣಗಳನ್ನು. ಪ್ರೋಟೀನು ಒಡೆಯಲು ಆಗ ತಿಳಿದಿದ್ದ ಲೈಸೋಸೋಮ್ ಎಂಬ ಅಂಗಕ ಅವುಗಳಲ್ಲಿಲ್ಲ. ಆದರೂ ಅವು ಕೆಟ್ಟ ಪ್ರೋಟೀನುಗಳನ್ನು ಎಟಿಪಿ ಬಳಸಿ ಒಡೆಯುತ್ತಿದ್ದವು. ಕಣಗಳನ್ನು ಒಡೆದು ತೆಗೆದ ರಸವನ್ನು ಎರಡು ಭಾಗ ಮಾಡಿದರು. ಒಂದೊಂದೂ ತಾನಾಗಿ ಏನೂ ಮಾಡಲಿಲ್ಲ. ಎರಡನ್ನೂ ಬೆರೆಸಿದರೆ ಒಡೆಯುವ ಕೆಲಸ ಮತ್ತೆ ಶುರು. ಮೊದಲ ಭಾಗದ ತುಂಬ ಹಿಮೋಗ್ಲೋಬಿನ್. ಬೇಕಾದ ವಸ್ತುವನ್ನು ಅದರಿಂದ ಬೇರ್ಪಡಿಸುವುದೇ ದೊಡ್ಡ ಕಷ್ಟವಾಗಿತ್ತು. ಕೊನೆಗೆ ಅದನ್ನು ಕುದಿಯುವ ಮಟ್ಟದ ಹತ್ತಿರಕ್ಕೆ ಕಾಯಿಸಿದರು. ಹಿಮೋಗ್ಲೋಬಿನ್ ಹೆಪ್ಪುಗಟ್ಟಿ ತಳಸೇರಿತು. ಕೆಲಸ ಮಾಡುವ ವಸ್ತುವಿಗೆ ಏನೂ ಆಗಿರಲಿಲ್ಲ. ಅದು ಒಂದು ಪುಟ್ಟ, ಅಸಾಧಾರಣವಾಗಿ ಗಟ್ಟಿಯಾದ ಪ್ರೋಟೀನಾಗಿತ್ತು.

ಈ ಪುಟ್ಟ ಪ್ರೋಟೀನು ಒಡೆಯುವ ಕಿಣ್ವವೇ ಇರಬೇಕೆಂದೋ, ಕಿಣ್ವಕ್ಕೆ ಚಾಲನೆ ಕೊಡುವ ವಸ್ತುವೆಂದೋ ಊಹಿಸುವುದು ಸಹಜ. 1980ರಲ್ಲಿ ಸತ್ಯ ಹೊರಬಂತು. ಅದು ಹೋಗಿ ಅಂಟಿಕೊಳ್ಳುತ್ತಿದ್ದುದು ಒಡೆಯಬೇಕಾದ ಪ್ರೋಟೀನಿಗೇ. ಅದೂ ಸುಲಭಕ್ಕೆ ಬಿಡದ ಗಟ್ಟಿ ರಾಸಾಯನಿಕ ಬಂಧದಿಂದ, ಒಂದರ ಮೇಲೊಂದು ಸರಪಳಿಯಾಗಿ. ಯಾವುದನ್ನು ಒಡೆಯಬೇಕು ಎಂಬ ಗುರುತು ಅದು. 1975ರಲ್ಲಿ ಗಿಡಿಯನ್ ಗೋಲ್ಡ್‌ಸ್ಟೀನ್ ಥೈಮಸ್ ಗ್ರಂಥಿಯಿಂದ ಬೇರ್ಪಡಿಸಿದ್ದ 76 ಅಮೈನೊ ಆಮ್ಲಗಳ ಯುಬಿಕ್ವಿಟಿನ್ ಎಂಬ ಪ್ರೋಟೀನೇ ಇದು ಎಂದೂ ಅದೇ 1980ರಲ್ಲಿ ತಿಳಿಯಿತು. ಎಟಿಪಿ ಖರ್ಚಾಗುವುದು ಗುರುತು ಹಚ್ಚುವುದಕ್ಕೆ, ಗುರುತಾದದ್ದನ್ನು ಬಿಚ್ಚಿ ಒಳಕ್ಕೆ ತಳ್ಳುವುದಕ್ಕೆ. ಅಂದರೆ ಜೀವಕೋಶ ಹಣ ತೆರುವುದು ಆಯ್ಕೆಗಾಗಿ. ಸಾವಿರಾರು ಪ್ರೋಟೀನುಗಳ ನಡುವೆ ಇದು ಸಾಯಬೇಕು, ಪಕ್ಕದ್ದು ಉಳಿಯಬೇಕು ಎಂಬ ವಿವೇಚನೆ ಬಿಟ್ಟಿಯಾಗಿ ಬರುವುದಿಲ್ಲ. ಆ ಆಯ್ಕೆ ಮಾಡುವ ಇ-3 ಕಿಣ್ವಗಳೇ ನಮ್ಮಲ್ಲಿ 600ಕ್ಕೂ ಹೆಚ್ಚು ಬಗೆಯವಿವೆ. ಗುರುತಾದ ಪ್ರೋಟೀನು ಪ್ರೋಟಿಯಾಸೋಮ್ ಎಂಬ ಟೊಳ್ಳು ಕೊಳವೆಯಾಕಾರದ ಯಂತ್ರದೊಳಗೆ ಹೋಗಿ ಚೂರುಗಳಾಗಿ ಹೊರಬರುತ್ತದೆ. ಕತ್ತರಿಸುವ ಅಂಚುಗಳೆಲ್ಲ ಕೊಳವೆಯ ಒಳಗೇ ಇರುವುದರಿಂದ ಹೊರಗಿರುವ ಒಳ್ಳೆಯ ಪ್ರೋಟೀನುಗಳಿಗೆ ಅಪಾಯವಿಲ್ಲ. ಯುಬಿಕ್ವಿಟಿನ್ ಮಾತ್ರ ಬಾಗಿಲಲ್ಲೇ ಕಳಚಿಕೊಂಡು ಇನ್ನೊಂದು ಪ್ರೋಟೀನಿಗೆ ಹೋಗುತ್ತದೆ. 2004ರ ರಸಾಯನಶಾಸ್ತ್ರದ ನೊಬೆಲ್ ಹೆರ್ಷ್ಕೊ, ಚೆಖನೋವರ್, ರೋಸ್ ಮೂವರಿಗೆ ಸಂದಿತು.

ಅದಕ್ಕೆ ಮುಂಚೆಯೇ, 2003ರಲ್ಲಿ, ಪ್ರೋಟಿಯಾಸೋಮನ್ನು ತಡೆಯುವ ಬೋರ್ಟೆಜೋಮಿಬ್ ಔಷಧಿ ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರಿಗೆ ಬಳಕೆಗೆ ಬಂದಿತ್ತು. ಆ ಕ್ಯಾನ್ಸರಿನ ಕೋಶಗಳು ಪ್ರತಿಕಾಯಗಳನ್ನು ಹೇರಳವಾಗಿ ತಯಾರಿಸುತ್ತವೆ. ಒಡೆಯುವ ದಾರಿ ಮುಚ್ಚಿದರೆ ತಾವೇ ತಯಾರಿಸಿದ ಕಸದಲ್ಲಿ ಅವು ಸಿಕ್ಕಿಬೀಳುತ್ತವೆ.

ಸರಿಯಾಗಿ ಮಡಿಸಿಕೊಂಡು ರಕ್ತಕ್ಕೆ ಬಂದ ಇನ್ಸುಲಿನ್ನಿನ ಆಯಸ್ಸೂ ಹೆಚ್ಚಿಲ್ಲ. ನಾಲ್ಕರಿಂದ ಆರು ನಿಮಿಷಗಳಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯುತ್ತದೆ. ಮೇದೋಜೀರಕದಿಂದ ಹೊರಟದ್ದರಲ್ಲಿ ಸರಿಸುಮಾರು ಅರ್ಧವನ್ನು ಯಕೃತ್ತು ಮೊದಲ ಸುತ್ತಿನಲ್ಲೇ ಹೀರಿಕೊಳ್ಳುತ್ತದೆ. ಉಳಿದದ್ದು ಸ್ನಾಯು, ಕೊಬ್ಬಿನ ಕೋಶಗಳ ಮೇಲಿನ ಗ್ರಾಹಕ ಪ್ರೋಟೀನನ್ನು ಮುಟ್ಟುತ್ತದೆ. ಮುಟ್ಟಿದೊಡನೆ ಗ್ರಾಹಕ ತನ್ನ ಒಳತುದಿಯ ಟೈರೋಸಿನ್‌ಗಳಿಗೆ ತಾನೇ ಫಾಸ್ಫೇಟ್ ಅಂಟಿಸಿಕೊಳ್ಳುತ್ತದೆ. ಅಲ್ಲಿಂದ ಪ್ರೋಟೀನಿನಿಂದ ಪ್ರೋಟೀನಿಗೆ ಫಾಸ್ಫೇಟ್ ಅಂಟುತ್ತಾ ಸುದ್ದಿ ಸಾಗಿ, ಗ್ಲೂಕೋಸನ್ನು ಒಳಬಿಡುವ ಬಾಗಿಲುಗಳು ಕೋಶದ ಮೇಲ್ಮೈಗೆ ಬರುತ್ತವೆ. ಅಷ್ಟರಲ್ಲಿ ಸುದ್ದಿ ತಂದ ಇನ್ಸುಲಿನ್ನನ್ನು ಗ್ರಾಹಕದ ಸಮೇತ ಕೋಶ ಒಳಗೆಳೆದು ಒಡೆಯತೊಡಗಿರುತ್ತದೆ. ಇನ್ಸುಲಿನ್ ಗಂಟೆಗಟ್ಟಲೆ ಉಳಿಯುವಂತಿದ್ದರೆ ಮಧ್ಯಾಹ್ನದ ಊಟಕ್ಕೆ ಬಂದ ಅಣುಗಳು ಸಂಜೆಯವರೆಗೂ ಗ್ಲೂಕೋಸನ್ನು ಇಳಿಸುತ್ತಲೇ ಇರುತ್ತಿದ್ದವು. ಮಿದುಳಿಗೆ ಅದು ಮಾರಕ. ಬೇಗ ಸಾಯುವುದರಿಂದಲೇ ಇನ್ಸುಲಿನ್ ನಮ್ಮನ್ನು ಕಾಯುತ್ತದೆ.

ಕತ್ತರಿಸಿ ತೆಗೆದ ‘ಸಿ’ ಪೆಪ್ಟೈಡ್ ಕೂಡ ಇನ್ಸುಲಿನ್ನಿನ ಜೊತೆಗೇ ರಕ್ತಕ್ಕೆ ಬರುತ್ತದೆ. ಅದನ್ನು ಯಕೃತ್ತು ಹಿಡಿಯುವುದಿಲ್ಲ, ಹಾಗಾಗಿ ಹೆಚ್ಚು ಹೊತ್ತು ಉಳಿಯುತ್ತದೆ. ಚುಚ್ಚುಮದ್ದಿನ ಇನ್ಸುಲಿನ್ನಿನಲ್ಲಿ ‘ಸಿ’ ಪೆಪ್ಟೈಡ್ ಇರುವುದಿಲ್ಲ. ಆದ್ದರಿಂದ ಇನ್ಸುಲಿನ್ ಚುಚ್ಚಿಕೊಳ್ಳುತ್ತಿರುವವರ ಮೇದೋಜೀರಕ ಸ್ವಂತವಾಗಿ ಇನ್ನೆಷ್ಟು ತಯಾರಿಸುತ್ತಿದೆ ಎಂದು ತಿಳಿಯಲು ವೈದ್ಯರು ಅದನ್ನೇ ಅಳೆಯುತ್ತಾರೆ.

ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿಕೊಂಡವರೂ ಈ ಬರಹದ ವಿಷಯವನ್ನು ಅರಿವಿಲ್ಲದೆಯೇ ಮುಟ್ಟಿದ್ದಾರೆ. ಅದು ಅಳೆಯುವುದು ಪ್ರೋಟೀನಿನ ಒಂದು ಮಾರ್ಪಾಡನ್ನು. ರಕ್ತದ ಗ್ಲೂಕೋಸ್ ಯಾವ ಕಿಣ್ವದ ನೆರವೂ ಇಲ್ಲದೆ ಹಿಮೋಗ್ಲೋಬಿನ್ನಿಗೆ ಮೆತ್ತಿಕೊಳ್ಳುತ್ತದೆ. ಸಕ್ಕರೆ ಕಾಯಿಲೆಯವರ ರಕ್ತದಲ್ಲಿ ಇಂಥ ಹಿಮೋಗ್ಲೋಬಿನ್ ಹೆಚ್ಚಿರುವುದನ್ನು 1968ರಲ್ಲಿ ಟೆಹರಾನಿನಲ್ಲಿ ಸ್ಯಾಮುಯೆಲ್ ರಹಬರ್ ಗುರುತಿಸಿದರು. ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ, ಅದರಲ್ಲಿ ಹೊಸ ಹಿಮೋಗ್ಲೋಬಿನ್ ಹುಟ್ಟುವುದಿಲ್ಲ, ಮೆತ್ತಿದ ಸಕ್ಕರೆ ಹಾಗೇ ಉಳಿಯುತ್ತದೆ. ಆ ಸರಾಸರಿ ಸಿಗುವುದು ಹೀಗೆ. ಕಬ್ಬಿಣದ ಕೊರತೆಯ ರಕ್ತಹೀನತೆಯಿದ್ದರೆ ಈ ಅಂಕಿ ಇರುವುದಕ್ಕಿಂತ ಹೆಚ್ಚಾಗಿ ತೋರಬಹುದು. ಕೆಂಪು ಕಣಗಳು ಬೇಗ ಸಾಯುವ ಕಾಯಿಲೆಗಳಲ್ಲಿ ಕಡಿಮೆ ತೋರುತ್ತದೆ. ಇಂಥ ತೊಂದರೆಯಿದ್ದರೆ ವೈದ್ಯರಿಗೆ ತಿಳಿಸುವುದು ಒಳ್ಳೆಯದು.

ಇವತ್ತು ಚುಚ್ಚಿಕೊಳ್ಳುವ ಇನ್ಸುಲಿನ್ ಬರುವುದು ಬ್ಯಾಕ್ಟೀರಿಯಾ ಇಲ್ಲವೇ ಯೀಸ್ಟ್‌ಗಳಿಂದ. 1978ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೊದಲ ಬಾರಿಗೆ ಬ್ಯಾಕ್ಟೀರಿಯಾದಲ್ಲಿ ಅದನ್ನು ಬೆಳೆಸಿದಾಗ ‘ಎ’, ‘ಬಿ’ ಎಳೆಗಳನ್ನು ಬೇರೆಬೇರೆಯಾಗಿ ಪಡೆದು ಆಮೇಲೆ ಕೂಡಿಸಿದ್ದರು. 1982ರಲ್ಲಿ ಅದು ಔಷಧಿಯಾಗಿ ಬಂತು. ಯೀಸ್ಟಿಗೆ ನಮ್ಮ ಕೋಶಗಳಂತೆ ಇ.ಆರ್. ಇದೆ, ಗಂಧಕದ ಕೊಂಡಿ ಹಾಕುವುದು ಅದಕ್ಕೆ ಗೊತ್ತು. ಬೆಂಗಳೂರಿನ ಬಯೋಕಾನ್ 2004ರಲ್ಲಿ ಭಾರತದ ಮಾರುಕಟ್ಟೆಗೆ ತಂದ ಇನ್ಸುಲಿನ್ ಪಿಕಿಯಾ ಎಂಬ ಯೀಸ್ಟಿನದು.

ಯಾವುದರಿಂದ ಬಂದಿರಲಿ, ಶೀಶೆಯಲ್ಲಿರುವುದು ಮಡಿಸಿದ ಪ್ರೋಟೀನು. ಅದನ್ನು ಸರಿಪಡಿಸಲು ಶೀಶೆಯೊಳಗೆ ಬಿಪ್ ಇಲ್ಲ, ಕೆಟ್ಟದ್ದನ್ನು ತೆಗೆದುಹಾಕಲು ಪ್ರೋಟಿಯಾಸೋಮ್ ಇಲ್ಲ. ಬಿಸಿ ತಾಗಿದರೆ, ಜೋರಾಗಿ ಕುಲುಕಿದರೆ ಅಣುಗಳ ಮಡಿಕೆ ಸಡಿಲಿ ಒಂದಕ್ಕೊಂದು ಅಂಟಿ ನಾರುಗಳಾಗುತ್ತವೆ. ಅಂಥ ಇನ್ಸುಲಿನ್ ಎಷ್ಟು ಚುಚ್ಚಿದರೂ ಸಕ್ಕರೆ ಇಳಿಯದು. ಆದ್ದರಿಂದ ಮನೆಯಲ್ಲಿ ಇನ್ಸುಲಿನ್ ಬಳಸುವವರಿದ್ದರೆ ದಯವಿಟ್ಟು ಇಷ್ಟು ಮಾಡಿ. ತೆರೆಯದ ಶೀಶೆಗಳನ್ನು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಿ, ಫ್ರೀಜರಿಗೆ ಹಾಕಬೇಡಿ. ಒಮ್ಮೆ ಹೆಪ್ಪುಗಟ್ಟಿದ್ದನ್ನು ಕರಗಿದ ಮೇಲೂ ಬಳಸಬೇಡಿ. ತಿಳಿಯಾಗಿರಬೇಕಾದ ಇನ್ಸುಲಿನ್ ಮಬ್ಬಾಗಿ ಕಂಡರೆ ಎಸೆಯಿರಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಫ್ರಿಜ್ ಇಲ್ಲದ ಮನೆಯವರು ನೀರಿನಿಂದ ತೇವವಾಗಿಟ್ಟ ಮಣ್ಣಿನ ಮಡಕೆಯಲ್ಲಿ, ಶೀಶೆಗೆ ನೀರು ತಾಗದಂತೆ, ನೆರಳಿನಲ್ಲಿ ಇಟ್ಟುಕೊಳ್ಳಿ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಮಾತ್ರ ಎಂದಿಗೂ ಬಿಡಬೇಡಿ.